ಜುಮ್ಮೆನ್ನುವ ನಲ್ಲಿ

ಬಾಡಿಗೆ ಮನೆಯವರಿಗೆ ಹೊಂದಿಕೊಂಡು ಹೋಗುವುದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಬಾಗಿಲು ಸರಿಯಾಗಿ ಕೂರದಿದ್ದರೆ ಮೊಣಕಾಲು ಕೊಟ್ಟು ನೂಕುತ್ತೇವೆ, ಗೋಡೆ ಒದ್ದೆಯಾದರೆ ಮಂಚ ಸರಿಸುತ್ತೇವೆ. ನಮ್ಮ ಓಣಿಯ ದರ್ಜಿಯ ಮನೆಯವರು ಕರೆಂಟಿಗೂ ಹೊಂದಿಕೊಂಡಿದ್ದರು.

ಅವರ ಬಚ್ಚಲಿನ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಮನೆಮಂದಿ ಅದಕ್ಕೆ ‘ಜುಮ್ಮು’ ಎಂದು ಹೆಸರನ್ನೇ ಇಟ್ಟುಬಿಟ್ಟಿದ್ದರು. ಬಚ್ಚಲ ಬಾಗಿಲಲ್ಲಿ ಒಂದು ಜೊತೆ ರಬ್ಬರ್ ಚಪ್ಪಲಿ ಇರುತ್ತಿತ್ತು, ಒಳಗೆ ಹೋಗುವವರು ಅದನ್ನು ಮೆಟ್ಟಿಕೊಂಡೇ ಹೋಗಬೇಕು. “ಇವತ್ತು ಜುಮ್ಮು ಸ್ವಲ್ಪ ಜಾಸ್ತಿ ಕಣೇ” ಎಂದು ಅತ್ತೆ ಸೊಸೆಗೆ ಹೇಳುತ್ತಿದ್ದರು, ಅಡುಗೆಗೆ ಉಪ್ಪು ಜಾಸ್ತಿಯಾಗಿದೆ ಎನ್ನುವಷ್ಟು ಸಲೀಸಾಗಿ.

ಒಮ್ಮೆ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಒಬ್ಬ ವೈರ್‌ಮನ್ ಬಂದರು. ಕೈ ತುಂಬ ಮಸಿ.

“ಕೈ ತೊಳ್ಕೋಬಹುದಾ ತಾಯಿ?”

“ಹೋಗಿ ಅಣ್ಣ. ಆ ಚಪ್ಪಲಿ ಹಾಕ್ಕೊಂಬಿಡಿ, ಇಲ್ಲಾಂದ್ರೆ ಜುಮ್ಮು ಹೊಡೆಯುತ್ತೆ” ಎಂದಳು ದರ್ಜಿಯ ಹೆಂಡತಿ.

ವೈರ್‌ಮನ್ ಕೈ ತೊಳೆಯಲಿಲ್ಲ. ಜೇಬಿನಿಂದ ಟೆಸ್ಟರ್ ತೆಗೆದು ನಲ್ಲಿಗೆ ಮುಟ್ಟಿಸಿದರು. ಟೆಸ್ಟರಿನ ದೀಪ ಹತ್ತಿತು.

“ಇದು ಜುಮ್ಮಲ್ಲಮ್ಮ, ಕರೆಂಟು. ಗೀಸರಿಂದ ನಲ್ಲಿಗೆ ಸೋರ್ತಾ ಇದೆ. ಮೊದಲು ಅದನ್ನ ಆಫ್ ಮಾಡಿ.”

“ಎಷ್ಟೋ ಕಾಲದಿಂದ ಹಿಂಗೇ ಇದೆ. ಯಾರಿಗೇನಾಗಿದೆ ಹೇಳಿ?” ಎಂದು ದರ್ಜಿ ನಕ್ಕ. ಫ್ಯೂಸ್ ಬೋರ್ಡನ್ನೂ ತಾನೇ ಹೆಮ್ಮೆಯಿಂದ ತೋರಿಸಿದ. “ಇಸ್ತ್ರಿಪೆಟ್ಟಿಗೆ ಹಾಕಿದ್ರೆ ಸಾಕು, ಫ್ಯೂಸ್ ಹೋಗ್ತಿತ್ತು. ತಂತಿ ದಪ್ಪಗೆ ಹೊಸೆದು ನಾನೇ ಹಾಕಿದೆ. ಆಮೇಲೆ ಒಂದ್ಸಲಾನೂ ಹೋಗಿಲ್ಲ!”

“ಫ್ಯೂಸ್ ಇರೋದೇ ಹೋಗೋಕೆ. ಅದು ಹೋಗ್ಲಿಲ್ಲ ಅಂದ್ರೆ ಮನುಷ್ಯರು ಹೋಗ್ತಾರೆ” ಎಂದರು ವೈರ್‌ಮನ್. “ವೈರೆಲ್ಲ ಹಳೇದು, ಅರ್ಥಿಂಗ್ ಇಲ್ಲ. ಇಡೀ ಮನೆ ಚೆಕ್ ಮಾಡಿಸಿ ಹೊಸ ಬೋರ್ಡ್ ಹಾಕಿಸ್ಬೇಕು. ಅದರಲ್ಲಿ ಆರ್‌ಸಿಸಿಬಿ ಅಂತ ಒಂದು ಸ್ವಿಚ್ ಇರುತ್ತೆ. ಕರೆಂಟು ದಾರಿ ತಪ್ಪಿ ಮೈಗೆ ಹರಿದ್ರೆ ತಕ್ಷಣ ತಾನೇ ಆಫ್ ಆಗುತ್ತೆ. ಓನರ್‌ಗೆ ಹೇಳಿ, ಇದು ಅವರು ಮಾಡಿಸ್ಬೇಕಾದ ಕೆಲಸ.”

ದರ್ಜಿಯ ನಗು ಇಳಿಯಿತು. “ಬಾಯಿ ಬಿಟ್ರೆ ಮನೆ ಖಾಲಿ ಮಾಡಿ ಅಂತಾರೆ ಅಣ್ಣ. ಈ ಬಾಡಿಗೆಗೆ ಮಿಷನ್ ಹಾಕೋಷ್ಟು ಜಾಗ ಇನ್ನೆಲ್ಲಿ ಸಿಗುತ್ತೆ?”

“ನಾನು ಬಂದು ಮಾತಾಡ್ಲಾ?”

“ದಮ್ಮಯ್ಯ, ಬೇಡ.”

ಹೆಂಡತಿಯೂ ಹೇಳಿ ನೋಡಿದಳು. “ಆಯ್ತು, ನೋಡೋಣ” ಎಂದ. ಈ ‘ನೋಡೋಣ’ ಕೇಳಿದರೆ ನನಗೆ ಮೈ ಉರಿಯುತ್ತದೆ. ಗೀಸರ್ ಕೆಲವು ದಿನ ಸುಮ್ಮನಿತ್ತು. ಚಳಿ ಶುರುವಾದ ಮೇಲೆ ಮತ್ತೆ ಹತ್ತಿತು.

ದರ್ಜಿಗೆ ಒಬ್ಬಳೇ ತಂಗಿ. ಮದುವೆಯಾಗಿ ದೂರದಲ್ಲಿದ್ದಳು. ಅಣ್ಣ ಈ ಮನೆಗೆ ಬಂದ ಮೇಲೆ ಅವಳು ಮೊದಲ ಸಲ ಬಂದಳು. ಮಗಳು ಬಸ್ಸಿನಲ್ಲಿ ದಣಿದು ಬರುತ್ತಾಳೆ, ಬಿಸಿ ನೀರಿರಲಿ ಎಂದು ತಾಯಿ ಗೀಸರ್ ಹಾಕಿಟ್ಟಿದ್ದರು.

“ಅಣ್ಣ, ಕಾಲು ತೊಳ್ಕೊಂಡು ಬಂದ್ಬಿಡ್ತೀನಿ.”

“ಹೂಂ, ಹೋಗಮ್ಮ” ಎಂದ ದರ್ಜಿ, ಹೊಲಿಯುತ್ತಿದ್ದ ಬಟ್ಟೆಯಿಂದ ತಲೆ ಎತ್ತದೆ.

ಚಪ್ಪಲಿಯ ಮಾತು ಅವನು ಎತ್ತಲಿಲ್ಲ. ಅಡುಗೆಮನೆಯಲ್ಲಿದ್ದ ತಾಯಿಯೂ ಎತ್ತಲಿಲ್ಲ. ಅವರಿಗೆಲ್ಲ ಅದು ಉಸಿರಾಡಿದಷ್ಟು ರೂಢಿಯಾಗಿತ್ತು, ಹೊಸಬರಿಗೆ ಹೇಳಬೇಕೆಂದು ಹೊಳೆಯಲೇ ಇಲ್ಲ. ಅವಳು ಬರಿಗಾಲಲ್ಲಿ ಒಳಗೆ ಹೋಗಿ ನಲ್ಲಿ ಹಿಡಿದಳು.

ಏನೋ ಬಿದ್ದ ಸದ್ದಿಗೆ ದರ್ಜಿ ಓಡಿದ. ತಂಗಿಯನ್ನು ಹಿಡಿಯಲು ಹೋಗಿ ತಾನೇ ಅತ್ತ ಸಿಡಿದು ಬಿದ್ದ. “ಮುಟ್ಟಬೇಡಿ!” ಎಂದು ಕಿರುಚುತ್ತ ಹೆಂಡತಿ ಮೇನ್ ಸ್ವಿಚ್ ಆಫ್ ಮಾಡಿದಳು. ದರ್ಜಿ ಉಳಿದ. ತಂಗಿಯನ್ನು ಆಸ್ಪತ್ರೆಗೆ ಒಯ್ದರು, ಅವಳು ಉಳಿಯಲಿಲ್ಲ. ದಪ್ಪ ತಂತಿಯ ಆ ಫ್ಯೂಸು ಅವತ್ತೂ ಹೋಗಿರಲಿಲ್ಲ.

ವಿಷಯ ತಿಳಿದು ಮನೆ ಮಾಲೀಕರು ಬಂದರು. ಬಾಡಿಗೆ ವಸೂಲಿಗೆ ಬಂದರೆ ಹೊಸ್ತಿಲಿಂದಾಚೆಗೇ ನಿಂತು ಹೋಗುತ್ತಿದ್ದ ಮನುಷ್ಯ ಅಂದು ಬಚ್ಚಲವರೆಗೂ ಹೋಗಿ ನೋಡಿದರು.

“ಒಂದು ಮಾತು ಹೇಳಿದ್ರೆ ಮಾಡಿಸ್ಕೊಡ್ತಿರ್ಲಿಲ್ವೇನಪ್ಪಾ?” ಎಂದರು.

ಮಾಡಿಸುತ್ತಿದ್ದರೋ ಇಲ್ಲವೋ ದೇವರಿಗೇ ಗೊತ್ತು. ಯಾರೂ ಹೇಳದಿದ್ದರೂ ಅವರು ಬಂದು ನೋಡಬೇಕಿತ್ತು. ದರ್ಜಿ ಮಾತ್ರ ಆ ಮಾತು ಕೇಳಿ ಗೋಡೆಗೆ ತಲೆ ಚಚ್ಚಿಕೊಂಡ.

ಕೊನೆಗೂ ಕೆಲಸವಾಯಿತು. ಅದೇ ವೈರ್‌ಮನ್ ಬಂದು ಹಳೆಯ ವೈರು, ಗೀಸರು ಎರಡನ್ನೂ ತೆಗೆದರು, ಅರ್ಥಿಂಗ್ ಕೊಟ್ಟರು, ಹೊಸ ಬೋರ್ಡ್ ಕೂರಿಸಿದರು. “ತಿಂಗಳಿಗೊಂದ್ಸಲ ಈ ಟೆಸ್ಟ್ ಬಟನ್ ಒತ್ತಿ. ತಾನೇ ಆಫ್ ಆಗ್ಬೇಕು. ಆಗ್ಲಿಲ್ಲ ಅಂದ್ರೆ ನನ್ನ ಕರೀರಿ” ಎಂದರು. ದರ್ಜಿ ಬಟನ್ ಒತ್ತಿದ. ಟಕ್ ಎಂದಿತು, ಮನೆಯ ದೀಪಗಳೆಲ್ಲ ಆರಿದವು.

ಗೋಡೆಗೊರಗಿ ಕೂತಿದ್ದ ತಾಯಿ ಕೇಳಿದರು, “ಇಷ್ಟೇನಾ?”



ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ನಲ್ಲಿಯೋ ಫ್ರಿಜ್ಜೋ ಕೈಗೆ ಜುಮ್ಮೆನ್ನುತ್ತಿದೆಯೇ? ಅದನ್ನು ಮತ್ತೆ ಮುಟ್ಟಬೇಡಿ, ಮೇನ್ ಆಫ್ ಮಾಡಿ, ಲೈಸೆನ್ಸ್ ಇರುವ ವೈರ್‌ಮನ್‌ನನ್ನು ಕರೆಸಿ. ಫ್ಯೂಸಿಗೆ ಸಿಕ್ಕಿದ ತಂತಿ ಸುತ್ತಬೇಡಿ. ಮಾಲೀಕರನ್ನು ಕೇಳಲು ಭಯವಾದರೆ ಅಕ್ಕಪಕ್ಕದ ಬಾಡಿಗೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರು ಸಿಟ್ಟಾಗಬಹುದು, ಆಗಲಿ. ನೀವು ಇವತ್ತೇ ಕೇಳಿ.