ಸೂಜಿ ಯಾರ ಕೈಲಿತ್ತು

"ನಿಮ್ಮ ಭಾವನ ಲಿವರಲ್ಲಿ ಗಂಟು ಕಾಣಿಸಿದೆ ಕಣೇ ಚಿಕ್ಕಿ" ಎಂದು ಅಕ್ಕ ಫೋನಿನಲ್ಲಿ ಅತ್ತಾಗ ಚಿಕ್ಕಿಗೆ ಮೊದಲು ಹೊಳೆದದ್ದು ಅಯ್ಯೋ ಪಾಪ ಎಂಬ ಮಾತಲ್ಲ, ಅಂತೂ ಸಿಕ್ಕಿಬಿದ್ದ ಎಂಬ ಮಾತು. ಅದನ್ನು ಗಂಟಲಲ್ಲೇ ನುಂಗಿಕೊಂಡು, "ಕರ್ಕೊಂಡ್ ಬಾ, ನೋಡೋಣ" ಎಂದಳು.

ಅಕ್ಕನಿಗಾದರೂ ಬೇರೆ ದಾರಿ ಇರಲಿಲ್ಲ. ಗಂಟು ಲಿವರಿನ ಆಳದಲ್ಲಿ, ದೊಡ್ಡ ರಕ್ತನಾಳದ ಮಗ್ಗುಲಿಗೇ ಅಂಟಿಕೊಂಡು ಕೂತಿತ್ತು. ಅದು ಕ್ಯಾನ್ಸರೋ ಅಲ್ಲವೋ ತಿಳಿಯಬೇಕಾದರೆ ಉದ್ದನೆಯ ಸೂಜಿ ಇಳಿಸಿ ಚೂರು ತೆಗೆಯಬೇಕು. ಕೈ ಕೂದಲೆಳೆಯಷ್ಟು ಅತ್ತಿತ್ತ ಆದರೂ ರಕ್ತ ಕಟ್ಟೆಯೊಡೆಯುತ್ತದೆ. ಇದಕ್ಕೆ ಕೈಹಾಕುವವರು ಯಾರು ಎಂದು ವಿಚಾರಿಸಿದಲ್ಲೆಲ್ಲ ಒಂದೇ ಉತ್ತರ: ಆ ಕನ್ನಡಕದ ಡಾಕ್ಟರಮ್ಮ.

ಕನ್ನಡಕದ ಡಾಕ್ಟರಮ್ಮ ಅಂದರೆ ಚಿಕ್ಕಿಯೇ. ಆ ಕನ್ನಡಕ ಹಾಕಿಕೊಂಡರೆ ರೋಗಿಯ ಸ್ಕ್ಯಾನ್ ಚಿತ್ರ ಗೋಡೆಯ ಪರದೆಯ ಮೇಲಲ್ಲ, ರೋಗಿಯ ಮೈಮೇಲೇ ಕಾಣುತ್ತಿತ್ತು. ಚರ್ಮ ಗಾಜಾದ ಹಾಗೆ, ಒಳಗಿನ ಲಿವರ್, ನಾಳ, ಗಂಟು ಎಲ್ಲ ಇದ್ದಲ್ಲೇ ಮೂಡುತ್ತಿದ್ದವು. ಸೂಜಿಯನ್ನು ಮೈಗೆ ತಾಗಿಸುವ ಮುಂಚೆಯೇ ಅದು ಹೋಗಲಿರುವ ದಾರಿ ಗೆರೆಯಾಗಿ ಕಾಣುತ್ತಿತ್ತು. ಹಸಿರಾದರೆ ಹೋಗಬಹುದು, ಕೆಂಪಾದರೆ ಹೋಗಬಾರದು. ಇಂಜಿನಿಯರುಗಳ ಜೊತೆ ಜಗಳವಾಡಿ, ಅವರ ತಲೆ ತಿಂದು ಚಿಕ್ಕಿ ಅದನ್ನು ಒಂದು ಹದಕ್ಕೆ ತಂದಿದ್ದಳು. ಸಮ್ಮೇಳನವೊಂದರಲ್ಲಿ ಭಾವ ಅದನ್ನು "ಆಟದ ಸಾಮಾನು" ಎಂದು ಗೇಲಿ ಮಾಡಿದ ಸುದ್ದಿ ಅವಳ ಕಿವಿಗೂ ಬಿದ್ದಿತ್ತು.

ಅವಳಿಗೆ ಆ ಹಟ ಹುಟ್ಟಿದ್ದು ಭಾವನಿಂದಲೇ. ಹಿಂದೆಯೂ ಈಗಿನ ಹಾಗೇ ಭಾವ ದೊಡ್ಡ ಆಸ್ಪತ್ರೆಯೊಂದರಲ್ಲಿ ವಿಭಾಗದ ಮುಖ್ಯಸ್ಥ, ಚಿಕ್ಕಿ ಆಗ ಅವನ ಕೈಕೆಳಗಿನ ಹೊಸ ಡಾಕ್ಟರು. ಒಂದು ಮಧ್ಯಾಹ್ನ ಎಲ್ಲಿಗೋ ಹೊರಡುವ ಗಡಿಬಿಡಿಯಲ್ಲಿ ಭಾವ ಸ್ಕ್ಯಾನ್ ಯಂತ್ರ ತರಿಸದೆ, ಕೈಯಂದಾಜಿನಲ್ಲೇ ಒಬ್ಬ ಟೀಚರಮ್ಮನ ಲಿವರಿಗೆ ಸೂಜಿ ಇಳಿಸಿದ. ನಾಳ ಹರಿಯಿತು. ಸಂಜೆಯೊಳಗೆ ಆಕೆ ತೀರಿಕೊಂಡಳು. ಸೂಜಿ ಯಾರು ಹಾಕಿದ್ದು ಎಂಬ ಪ್ರಶ್ನೆ ಬಂದಾಗ ಭಾವ ಕಣ್ಣು ಮಿಟುಕಿಸದೆ ನಾದಿನಿಯ ಕಡೆ ಕೈ ತೋರಿಸಿದ. ಕೋಣೆಯಲ್ಲಿ ಇದ್ದವರು ಅವರಿಬ್ಬರೇ. ಎಲ್ಲರೂ ಮುಖ್ಯಸ್ಥನ ಮಾತನ್ನೇ ನಂಬಿದರು.

ಕೆಲಸ ಹೋದದ್ದಕ್ಕಿಂತ ಅವಳನ್ನು ಸುಟ್ಟದ್ದು ಬೇರೆ. ಅಪ್ಪನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಅಂಗಿ ಎತ್ತಿ, "ಬಾರಮ್ಮ, ನಿನ್ನ ಕೈಯಲ್ಲಾದ್ರೆ ಇರುವೆ ಕಚ್ಚಿದಷ್ಟೂ ಆಗಲ್ಲ" ಎಂದು ಚಿಕ್ಕಿಯಿಂದಲೇ ಇನ್ಸುಲಿನ್ ಚುಚ್ಚಿಸಿಕೊಳ್ಳುತ್ತಿದ್ದ ಮನುಷ್ಯ. ಈ ಸುದ್ದಿ ಕೇಳಿದ ಮಾರನೆಯ ದಿನ ಅವಳು ಸಿರಿಂಜು ಹಿಡಿದು ಬಂದರೆ, ಅವಳ ಮುಖ ನೋಡದೆ, "ಇರಲಿ ಬಿಡು, ಪಕ್ಕದ ಮನೆ ಕಾಂಪೌಂಡರ್ ಬರ್ತಾನೆ" ಎಂದುಬಿಟ್ಟರು. ಸಾಯುವ ತನಕ ಮತ್ತೆ ಅವಳ ಕೈಯಿಂದ ಸೂಜಿ ಚುಚ್ಚಿಸಿಕೊಳ್ಳಲಿಲ್ಲ.

ಅದಕ್ಕೇ ಈ ಬಾರಿ ಚಿಕ್ಕಿ ಎಲ್ಲವನ್ನೂ ಯೋಚಿಸಿಯೇ ಇಟ್ಟಿದ್ದಳು.

ಭಾವ ಆಸ್ಪತ್ರೆಯ ಹಸಿರು ನಿಲುವಂಗಿ ತೊಟ್ಟು ಮೇಜಿನ ಮೇಲೆ ಮಲಗಿದ. ಸೊರಗಿದ್ದ, ಆದರೆ ಠೀವಿ ಇಳಿದಿರಲಿಲ್ಲ. ಗಾಜಿನಾಚೆಯ ಕೋಣೆಯಲ್ಲಿ ಅಕ್ಕ ಸೆರಗು ಹಿಂಡುತ್ತಾ ಕೂತಿದ್ದಳು. ಚಿಕ್ಕಿ ಅಲ್ಲಿಗೆ ಮಾತು ಕೇಳಿಸುವ ಸ್ಪೀಕರ್ ಹಾಕಿಸಿದಳು. ಪಕ್ಕೆಯನ್ನು ಮರಗಟ್ಟಿಸುವ ಮದ್ದು ಕೊಟ್ಟಾದ ಮೇಲೆ, ವಿದ್ಯಾರ್ಥಿಗಳಿಗೆಂದು ಇಟ್ಟಿದ್ದ ಇನ್ನೊಂದು ಕನ್ನಡಕವನ್ನು ಭಾವನ ಮೂಗಿಗೇರಿಸಿ, ತಲೆದಿಂಬು ಎತ್ತರಿಸಿದಳು.

"ಆಟದ ಸಾಮಾನು ಅಂದಿದ್ರಂತಲ್ಲ. ಒಂದ್ಸಲ ಆಡಿ ನೋಡಿ ಭಾವ."

ತನ್ನದೇ ಹೊಟ್ಟೆಯೊಳಗೆ ತನ್ನದೇ ಲಿವರ್ ಕಂಡು ಭಾವ ಒಂದು ಕ್ಷಣ ಮೈಮರೆತ. ಡಾಕ್ಟರಲ್ಲವೇ, ಕುತೂಹಲ ಭಯವನ್ನು ಮೀರಿತು. "ಭೇಷ್" ಎಂದೂ ಅಂದ. ಆಗ ಚಿಕ್ಕಿ ಸೂಜಿಯನ್ನು ಅವನ ಪಕ್ಕೆಯ ಮೇಲೆ, ಚರ್ಮಕ್ಕೆ ತಾಗದಂತೆ ಹಿಡಿದು, ಬೇಕೆಂತಲೇ ಓರೆ ಮಾಡಿದಳು. ಗೆರೆ ಕೆಂಪಾಯಿತು. ಗಂಟನ್ನು ಬಿಟ್ಟು ನೇರವಾಗಿ ದೊಡ್ಡ ನಾಳವನ್ನು ತೂರಿಕೊಂಡು ಹೋಯಿತು.

"ಚಿಕ್ಕಿ, ಕೋನ ತಪ್ಪಿದೆ."

"ಗೊತ್ತು."

"ಕೆಂಪು ತೋರಿಸ್ತಿದೆ ಕಣೇ!"

"ನಂಗೂ ಕಾಣ್ತಿದೆ. ಟೀಚರಮ್ಮಂಗೆ ಕಾಣಿಸ್ಲಿಲ್ಲ, ಪಾಪ. ಅವತ್ತು ಸೂಜಿ ಯಾರ ಕೈಲಿತ್ತು ಭಾವ?"

ಎದುರು ನಿಂತಿದ್ದ ನರ್ಸ್ ತಲೆ ಎತ್ತಿದಳು. ಭಾವನ ಹಣೆಯಲ್ಲಿ ಬೆವರು ಒಡೆಯಿತು. ಅವನು ಗಾಜಿನ ಕಡೆ ಕತ್ತು ಹೊರಳಿಸಲು ನೋಡಿದ.

"ಅಲ್ಲಾಡಬೇಡಿ. ಯಾರ ಕೈಲಿತ್ತು?"

"ನನ್ನ ಕೈಲಿ" ಎಂದು ಪಿಸುಗುಟ್ಟಿದ ಭಾವ.

"ಅಕ್ಕನಿಗೆ ಕೇಳಿಸ್ಬೇಕು."

"ನನ್ನ ಕೈಲಿತ್ತು! ನಾನೇ ಚುಚ್ಚಿದ್ದು! ಸಾಕಾ?"

ಸಾಕಾಗಿತ್ತು. ಚಿಕ್ಕಿ ಮಣಿಕಟ್ಟು ಹೊರಳಿಸಿದಳು, ಗೆರೆ ಹಸಿರಾಯಿತು. "ಉಸಿರು ಬಿಗಿಹಿಡೀರಿ" ಎಂದು ಸೂಜಿ ಇಳಿಸಿದಳು. ನಾಳದ ಗೋಡೆಯನ್ನು ಸವರಿಕೊಂಡು ಹೋಗಿ, ಗಂಟಿನ ಚೂರು ಕಚ್ಚಿಕೊಂಡು ಸೂಜಿ ಹೊರಬಂತು. ಒಂದು ಹನಿ ರಕ್ತವೂ ಹೆಚ್ಚಾಗಿ ಬರಲಿಲ್ಲ. ಅಷ್ಟು ಚೊಕ್ಕವಾಗಿ ಅವಳು ಯಾರಿಗೂ ಮಾಡಿರಲಿಲ್ಲ.

ಕೈ ತೊಳೆಯುವಾಗ ನರ್ಸ್ ಬಂದು ಪಕ್ಕದಲ್ಲಿ ನಿಂತಳು. "ಮೇಡಂ, ಅವರು ಒಪ್ದೇ ಇದ್ದಿದ್ರೆ?"

"ಆಗ್ಲೂ ಹಸಿರಿಗೇ ತಿರುಗಿಸ್ತಿದ್ದೆ."

"ಅದು ನಿಮಗೆ ಗೊತ್ತಿತ್ತು. ಮಲಗಿದ್ದೋರಿಗೆ ಗೊತ್ತಿರ್ಲಿಲ್ಲ" ಎಂದು ನರ್ಸ್ ಹೊರಟುಹೋದಳು. ಹೋದವಳು ಆಸ್ಪತ್ರೆಯ ಮುಖ್ಯಸ್ಥೆಯ ಬಾಗಿಲು ತಟ್ಟಿದಳು.

ಗಂಟು ಕ್ಯಾನ್ಸರಲ್ಲ ಎಂದು ಪರೀಕ್ಷೆಯಲ್ಲಿ ಗೊತ್ತಾದಾಗ ಚಿಕ್ಕಿಗೆ ಸಂತೋಷವೂ ಆಗಲಿಲ್ಲ, ಬೇಸರವೂ ಆಗಲಿಲ್ಲ. ನರ್ಸಿನ ದೂರಿನ ಮೇಲೆ ಆಸ್ಪತ್ರೆಯವರು ಕರೆದ ವಿಚಾರಣೆಯ ದಿನ ಬೆಳಿಗ್ಗೆ ಅಕ್ಕ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಳು.

"ಇವರು ಏನೂ ನಡೀಲಿಲ್ಲ ಅಂತ ಹೇಳ್ತಾರಂತೆ. ನರ್ಸು ಏನೋ ತಪ್ಪು ಕೇಳಿಸ್ಕೊಂಡಿದಾಳೆ ಅಂತ. ನೀನೂ ಹಾಗೇ ಅನ್ನು. ನಿನ್ನ ಕೆಲಸಾನೂ ಉಳಿಯುತ್ತೆ, ಇವರ ಮಾನಾನೂ ಉಳಿಯುತ್ತೆ."

ಚಿಕ್ಕಿ ಅಕ್ಕನ ಮುಖವನ್ನು ದಿಟ್ಟಿಸಿದಳು. ಭಾವ ಒಪ್ಪಿಕೊಂಡ ಗಳಿಗೆಯಲ್ಲಿ ಗಾಜಿನಾಚೆ ಆ ಮುಖದಲ್ಲಿ ತಾನು ಹುಡುಕಿದ ಬೆರಗು ಇರಲೇ ಇಲ್ಲ ಎಂಬುದು ಈಗ ಹೊಳೆಯಿತು.

"ನಿಂಗೆ ಮೊದ್ಲೇ ಗೊತ್ತಿತ್ತಲ್ವೇನೇ?"

ಅಕ್ಕ ಬಾಗಿಲ ಚಿಲಕ ತಿರುವುತ್ತಾ ನಿಂತಳು. "ಮಕ್ಕಳು ಚಿಕ್ಕವಿದ್ವು ಕಣೇ. ನೀನು ಒಂಟಿ, ಹೇಗೋ ಬದುಕ್ಕೋತೀಯ ಅನ್ಕೊಂಡೆ."

"ಅಪ್ಪಂಗಾದ್ರೂ ಹೇಳ್ಬಹುದಿತ್ತು."

ಅಕ್ಕ ಬಾಗಿಲಿಂದಲೇ ತಿರುಗಿ ಹೊರಟಳು.

ವಿಚಾರಣೆಯ ಕೋಣೆಯಲ್ಲಿ ಭಾವ ಕಾಲ ಮೇಲೆ ಕಾಲು ಹಾಕಿ ಕೂತು, ಗಂಟಲು ಸರಿಮಾಡಿಕೊಂಡು, ಚೆಂದವಾಗಿ ಸುಳ್ಳು ಹೇಳಿದ. "ನಮ್ಮ ಹುಡುಗಿ ಬಹಳ ಅಚ್ಚುಕಟ್ಟಾಗಿ ಮಾಡಿದಳು. ನರ್ಸಮ್ಮ ಯಾಕೆ ಹೀಗೆಲ್ಲ ಕಟ್ಟಿ ಹೇಳ್ತಿದಾರೋ ಗೊತ್ತಿಲ್ಲ." ನರ್ಸಿನ ಮುಖ ಬಿಳಿಚಿಕೊಂಡಿತು. ಭಾವ ಚಿಕ್ಕಿಯ ಕಡೆ ತಿರುಗಿ ಸಣ್ಣಗೆ ನಕ್ಕ, ಇಬ್ಬರೂ ಒಂದೇ ದೋಣಿಯವರು ಎನ್ನುವ ಹಾಗೆ.

ಆ ನಗುವನ್ನು ಚಿಕ್ಕಿಯಿಂದ ಸಹಿಸಲಾಗಲಿಲ್ಲ. ಎದ್ದು ನಿಂತಳು.

"ನರ್ಸ್ ಹೇಳಿದ್ದೆಲ್ಲ ನಿಜ. ಸೂಜಿ ಓರೆ ಹಿಡಿದು ಹೆದರಿಸಿದ್ದು ನಾನೇ. ನನಗೆ ಏನು ಶಿಕ್ಷೆ ಕೊಡ್ತೀರೋ ಕೊಡಿ. ಆದರೆ ಇವರು ಬಾಯ್ಬಿಟ್ಟು ಏನಂದ್ರು ಅನ್ನೋದನ್ನ ಪೂರ್ತಿ ಕೇಳಿಸ್ಕೊಳ್ಳಿ. ಗಾಜಿನಾಚೆ ಇವರ ಹೆಂಡತಿ ಇದ್ದಳು. ಅವಳನ್ನೂ ಕರೆಸಿ ಕೇಳಿ."

"ಚಿಕ್ಕಿ, ನೀನೂ ಮುಳುಗ್ತೀಯ!" ಎಂದು ಭಾವ ಅರ್ಧ ಎದ್ದ.

"ನೀವೂ ಜೊತೆಗೆ ಬನ್ನಿ ಭಾವ."

ಅಕ್ಕನನ್ನು ಕರೆಸಿದರು. ಅವಳು ಗಂಡನ ಕಡೆ ನೋಡಿದಳು, ತಂಗಿಯ ಕಡೆ ನೋಡಲಿಲ್ಲ. "ಹೌದು, ಹಾಗಂದ್ರು" ಎಂದಳು. ಅದು ತಂಗಿಯ ಮೇಲಿನ ಮಮತೆಗೋ, ಸುಳ್ಳು ಹೊತ್ತು ಹೊತ್ತು ಬಂದ ಸುಸ್ತಿಗೋ, ಅವಳೇ ಬಲ್ಲಳು.

ಭಾವನ ಆಸ್ಪತ್ರೆಯಲ್ಲಿ ಟೀಚರಮ್ಮನ ಸಾವಿನ ವಿಚಾರಣೆ ಮತ್ತೆ ಶುರುವಾಯಿತು. ಅವನ ಮುಖ್ಯಸ್ಥಗಿರಿ ಹೋಯಿತು, ಅಲ್ಲಿನ ಗೋಡೆಯ ಮೇಲಿನ ಅವನ ಪಟವನ್ನೂ ಇಳಿಸಿದರು. ಇತ್ತ ಚಿಕ್ಕಿಯ ಕನ್ನಡಕ ಕಸಿದುಕೊಂಡು, ರೋಗಿಯನ್ನು ಮುಟ್ಟಕೂಡದೆಂದು ಮನೆಗೆ ಕಳಿಸಿದರು.

ಸಾಮಾನು ಕಟ್ಟಿಕೊಂಡು ಹೊರಟ ದಿನ ನರ್ಸ್ ಗೇಟಿನ ತನಕ ಬಂದಳು. "ನನ್ನ ಮೇಲೆ ಸಿಟ್ಟಿದೆಯಾ ಮೇಡಂ?"

"ಇಲ್ಲಮ್ಮ. ನೀನು ಮಾಡಿದ್ದು ಸರಿ."

"ಮತ್ತೆ ಅಂಥ ಸಂದರ್ಭ ಬಂದ್ರೆ ಹಾಗೇ ಮಾಡ್ತೀರಾ?"

ಇಲ್ಲ ಎನ್ನಬೇಕು ಎಂದು ಚಿಕ್ಕಿಗೆ ಗೊತ್ತಿತ್ತು. "ಮಾಡ್ತೀನಿ" ಎಂದಳು. ನರ್ಸ್ ತಿರುಗಿ ಒಳಗೆ ಹೋದಳು. ರಸ್ತೆ ದಾಟುವಾಗ ಚಿಕ್ಕಿಗೆ ಹೊಟ್ಟೆ ಚುರುಗುಟ್ಟಿತು. ಎಷ್ಟೋ ಕಾಲದ ಮೇಲೆ ಅದು ಒಳಗಿನ ಹಳೆಯ ಉರಿಯಾಗಿರದೆ ಬರೀ ಹಸಿವಾಗಿತ್ತು. ಎದುರಿಗೆ ಕಂಡ ಹೋಟೆಲಿಗೆ ನುಗ್ಗಿ, ಹೊಟ್ಟೆ ತುಂಬ ತಿಂದಳು.