ನೂರಕ್ಕೆ ಎರಡು

ದಾಕ್ಷಾಯಣಿಗೆ ಅಮೆರಿಕದ ಆಸ್ಟಿನ್ನಿನಲ್ಲಿ ಮಾತಿಗೇನೂ ಬರವಿರಲಿಲ್ಲ, ಬರವಿದ್ದದ್ದು ಕನ್ನಡಕ್ಕೆ. ಮನೆ ಹಂಚಿಕೊಂಡಿದ್ದ ಕನ್ನಡದ ಗೆಳತಿ ಪ್ರಗತಿ ಮದುವೆಯಾಗಿ ಮೆಕಿನ್ನಿ ಎಂಬ ಊರಿಗೆ ಶಿಫ್ಟ್ ಆದ ಮೇಲಂತೂ ಮನೆಯಲ್ಲಿ ಫ್ರಿಜ್ಜಿನ ಗುಂಯ್ ಸದ್ದೊಂದೇ ಉಳಿದಿತ್ತು.

ಹಳ್ಳಿ ಹೆಂಗಸರಿಗೆ ಹಣಕಾಸಿನ ತಿಳಿವಳಿಕೆ ಎಷ್ಟಿದೆ ಎಂಬುದು ಆಕೆಯ ಸಂಶೋಧನೆ. ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಮುನ್ನೂರ ಹನ್ನೆರಡು ಹೆಂಗಸರನ್ನು ಸರ್ವೆಯವರು ಮಾತಾಡಿಸಿ, ಉತ್ತರಗಳಿಗೆ ಸರಿ-ತಪ್ಪು ಹಾಕಿ ಕಳಿಸಿದ್ದರು. ಹತ್ತರಲ್ಲಿ ಒಂಬತ್ತು ಮಂದಿಗೆ ಸರಳ ಬಡ್ಡಿಯೂ ಬಾರದು ಎಂಬ ಫಲಿತಾಂಶ ಬಂತು. ಆ ಒಂದು ಸಾಲಿನಿಂದಲೇ ಆಕೆಗೆ ಹೆಸರು. ಈ ಹೆಂಗಸರಿಗೆ ಬಡ್ಡಿ ಲೆಕ್ಕ ಕಲಿಸಲು ಹ್ಯೂಸ್ಟನ್ನಿನ ಸಂಸ್ಥೆಯೊಂದು ದೊಡ್ಡ ಯೋಜನೆ ಹಾಕಿ ಆಕೆಯನ್ನೇ ಕರೆದಿತ್ತು. ಡಲ್ಲಾಸ್ ಸಮ್ಮೇಳನದಲ್ಲಿ ಭಾಷಣ ಮುಗಿಸಿದರೆ ಕೆಲಸದ ಪತ್ರ ಕೈಗೆ. ಪತ್ರ ಬಾರದಿದ್ದರೆ ಮೇ ತಿಂಗಳಿಗೆ ವೀಸಾ ಮುಗಿದು ಗಂಟುಮೂಟೆ ಕಟ್ಟಬೇಕು.

ಸಮ್ಮೇಳನದ ಹಿಂದಿನ ದಿನ ಬೆಳಿಗ್ಗೆ ಒಬ್ಬಳೇ ಡಲ್ಲಾಸಿಗೆ ಹೊರಟಳು. ಮೂರು ತಾಸಿನ ದಾರಿ. ಯಾರದಾದರೂ ಕನ್ನಡದ ದನಿ ಬೇಕೆನಿಸಿ, ಕಾರಿಗೆ ಫೋನ್ ಜೋಡಿಸಿ ಆ ಸಂದರ್ಶನಗಳ ರೆಕಾರ್ಡಿಂಗ್ ಹಾಕಿದಳು. ಅಲ್ಲಿಯವರೆಗೆ ಅಂಕಿಗಳ ಹಾಳೆ ನೋಡಿದ್ದಳೇ ಹೊರತು ಒಂದು ದನಿಯನ್ನೂ ಕೇಳಿರಲಿಲ್ಲ. ಮುನ್ನೂರು ಜನರ ಮೇಲೆ ಪ್ರಬಂಧ ಬರೆಯುವವರಿಗೆ ಒಬ್ಬರ ಮಾತು ಕೇಳಲು ಪುರುಸೊತ್ತಿಲ್ಲ, ಭಲೇ ಸಂಶೋಧನೆ!

ಮೊದಲು ಬಂದದ್ದು ನೀಲವ್ವ ಎಂಬ ಮುದುಕಿಯ ದನಿ. ನೂರು ರೂಪಾಯಿಗೆ ಎರಡು ರೂಪಾಯಿ ಬಡ್ಡಿಯಾದರೆ ವರ್ಷದ ಮೇಲೆ ಒಟ್ಟು ಎಷ್ಟಾಗುತ್ತದೆ ಎಂದು ಸರ್ವೆಯ ಹುಡುಗಿ ಕೇಳಿದಳು. ಮುದುಕಿ ಉಸಿರು ಎಳೆದುಕೊಳ್ಳುವಷ್ಟೂ ತಡಮಾಡಲಿಲ್ಲ.

"ನೂರಾ ಇಪ್ಪತ್ನಾಕು. ಇದನ್ನ ಕೇಳಾಕ ಇಷ್ಟು ದೂರ ಬಂದೀಯೇನವಾ?"

ಹಾಳೆಯಲ್ಲಿದ್ದ ಸರಿ ಉತ್ತರ ನೂರಾ ಎರಡು. ದಾಕ್ಷಾಯಣಿ ಆ ಉತ್ತರವನ್ನು ಮತ್ತೊಮ್ಮೆ ಹಾಕಿ ಕೇಳಿದಳು. ಆ ಸೀಮೆಯಲ್ಲಿ ಬಡ್ಡಿಯನ್ನು ಯಾರು ವರ್ಷಕ್ಕೆ ಹೇಳುತ್ತಾರೆ? ಬಡ್ಡಿ ಎಂದರೆ ತಿಂಗಳ ಬಡ್ಡಿ. ತಿಂಗಳಿಗೆ ಎರಡು, ಹನ್ನೆರಡು ತಿಂಗಳಿಗೆ ಇಪ್ಪತ್ತನಾಲ್ಕು. ಗದಗಿನ ಬಟ್ಟೆ ಅಂಗಡಿಯಲ್ಲಿ ಅಪ್ಪನ ಪಕ್ಕ ಕುಳಿತು ಈ ಲೆಕ್ಕ ಕೇಳಿಯೇ ಬೆಳೆದವಳು ಆಕೆ. ಆದರೆ ಪ್ರಶ್ನೆಯನ್ನು ಕನ್ನಡಕ್ಕೆ ತಂದದ್ದು ಆಸ್ಟಿನ್ನಿನ ಲೈಬ್ರರಿಯಲ್ಲಿ ಕೂತು, ಅಲ್ಲಿನ ವರ್ಷದ ಬಡ್ಡಿಯನ್ನು ತಲೆಯಲ್ಲಿಟ್ಟುಕೊಂಡು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದಳು.

ಅರ್ಧ ದಾರಿಯಲ್ಲಿ ವೇಕೋ ಊರಿನ ಹತ್ತಿರ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ ಮತ್ತೆ ನಲವತ್ತು ಜನರ ಉತ್ತರ ಕೇಳಿದಳು. ನಾಲ್ಕೈದು ಜನರನ್ನು ಬಿಟ್ಟರೆ ಎಲ್ಲರದೂ ಅದೇ, ನೂರಾ ಇಪ್ಪತ್ನಾಕು. ಲೆಕ್ಕ ಬಾರದೆ ಇದ್ದವಳು ತಾನೊಬ್ಬಳೇ. ನಾಚಿಕೆಯಿಂದ ಸ್ಟೀರಿಂಗ್ ಮೇಲೆ ಹಣೆಯಿಟ್ಟು ಅತ್ತಳು.

ಈ ವಿಷಯ ಹೇಳಿಕೊಳ್ಳಲು ಇದ್ದವರು ಒಬ್ಬರೇ, ನಂದಕುಮಾರ್ ಅಂಕಲ್. ಮೈಸೂರಿನವರು, ಹ್ಯೂಸ್ಟನ್ ಸಂಸ್ಥೆಯ ಹಿರಿಯರು. ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರ್ ಬಡಾವಣೆ ಹತ್ತಿರದ ತಮ್ಮ ಮನೆಗೆ ಹಬ್ಬಕ್ಕೆ ಕರೆದು ಊಟ ಹಾಕಿದವರು. ಪ್ರಗತಿ ಹೋದ ಮೇಲೆ ಆಕೆಯ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದವರೂ ಅವರೇ. ಫೋನಿನಲ್ಲಿ ಅವರು ಎಲ್ಲ ಕೇಳಿಸಿಕೊಂಡರು.

"ನೋಡಮ್ಮ, ಆ ರೆಕಾರ್ಡಿಂಗ್ ಅರ್ಥ ಆಗೋದು ಇಲ್ಲಿ ನಮ್ಮಿಬ್ಬರಿಗೇ," ಎಂದರು. "ನಾನಂತೂ ಅದನ್ನ ಕೇಳಿಲ್ಲ."

ಫೋನ್ ಇಟ್ಟ ಮೇಲೆ ಆಕೆಗೆ ಆದಷ್ಟು ಒಂಟಿತನ ಅಮೆರಿಕಕ್ಕೆ ಬಂದ ಆರು ವರ್ಷದಲ್ಲಿ ಎಂದೂ ಆಗಿರಲಿಲ್ಲ.

ಮರುದಿನ ವೇದಿಕೆಯ ಮೇಲೆ ಆಕೆ ನೀಲವ್ವನ ದನಿ ಹಾಕಿದಳು. ಅದನ್ನು ಇಂಗ್ಲಿಷಿನಲ್ಲಿ ವಿವರಿಸಿ, ಹೆಂಗಸರ ಲೆಕ್ಕ ಸರಿಯಿತ್ತು, ತಪ್ಪು ತನ್ನದು ಎಂದಳು. ಯಾರೋ ಕೆಮ್ಮಿದರು. ನಾಲ್ಕು ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ಮೂರನೇ ಸಾಲಿನಲ್ಲಿದ್ದ ನಂದಕುಮಾರ್ ಕಾಫಿ ಕಪ್ ಹಿಡಿದು ಎದ್ದು ಹೋದವರು ತಿರುಗಿ ಬರಲಿಲ್ಲ. ಸಂಜೆಗೆ ಹ್ಯೂಸ್ಟನ್ನಿನಿಂದ ಎರಡು ಸಾಲಿನ ಮೇಲ್ ಬಂತು, ಕೆಲಸ ಸದ್ಯಕ್ಕೆ ಇಲ್ಲವೆಂದು.

ಬೆಳಿಗ್ಗೆ ಹೋಟೆಲ್ ಖಾಲಿ ಮಾಡುವ ಮೊದಲು ಸರ್ವೆ ಹಾಳೆಯಲ್ಲಿದ್ದ ನೀಲವ್ವನ ಮನೆಯ ನಂಬರಿಗೆ ಫೋನ್ ಮಾಡಿದಳು. ಅಲ್ಲಿ ಸಂಜೆ. ನೀಲವ್ವನೇ ಎತ್ತಿದಳು. ತಾನು ಯಾರು, ಎಲ್ಲಿಂದ ಮಾತಾಡುತ್ತಿದ್ದೇನೆ, ಆ ಪ್ರಶ್ನೆ ಯಾವುದು ಎಂದೆಲ್ಲ ದಾಕ್ಷಾಯಣಿ ತೊದಲುತ್ತ ಹೇಳಿದಳು.

"ನಿಮ್ಮ ಉತ್ತರ ಸರಿ ಇತ್ರಿ ಅವ್ವಾರ. ನಾನ ತಪ್ಪು ಅಂತ ಬರದಿದ್ದೆ."

"ಸರಿ ಅನ್ನೂದು ನನಗ ಅವತ್ತ ಗೊತ್ತಿತ್ತಲ್ಲವಾ," ಎಂದಳು ಮುದುಕಿ. ಆಮೇಲೆ ದನಿ ತಗ್ಗಿಸಿ, "ಇದನ್ನ ಹೇಳಾಕ ಅಲ್ಲಿಂದ ಫೋನ್ ಹಚ್ಚೀಯೇನು? ಅಲ್ಲೆ ನಿನ್ನ ಕೂಡ ಮಾತಾಡಾಕ ಯಾರೂ ಇಲ್ಲೇನು?" ಎಂದು ಕೇಳಿದಳು.

ಬಾಯಲ್ಲಿ ಸಿದ್ಧವಿದ್ದ ಸುಳ್ಳುಗಳು ಒಂದೂ ಹೊರಬರಲಿಲ್ಲ. "ಇಲ್ರಿ," ಎಂದಳು.

ಆ ಕಡೆ ಪಟ ಪಟ ಸದ್ದು ಕೇಳುತ್ತಿತ್ತು. ಏನದು ಎಂದು ಕೇಳಿದಳು. ಸೊಸೆ ಹೊಲದಿಂದ ಇನ್ನೂ ಬಂದಿಲ್ಲ, ರೊಟ್ಟಿ ಬಡಿಯುತ್ತಿದ್ದೇನೆ, ಮತ್ತೇನಾದರೂ ಕೇಳುವ ಪ್ರಶ್ನೆ ಇದೆಯೇ ಎಂದಳು ನೀಲವ್ವ.

"ಏನಿಲ್ರಿ. ನೀವು ಬಡೀರಿ," ಎಂದಳು ದಾಕ್ಷಾಯಣಿ. "ನಾ ಹಿಂಗ ಕೇಳ್ಕೋತ ಕುಂದರ್ತೀನಿ."