ಉಳಿದದ್ದನ್ನು ತನ್ನಿ

ಏನನ್ನು ಕೈಗೆ ಕೊಟ್ಟರೂ ನಾಯಿಗಳ ಡಾಕ್ಟರಮ್ಮ ಮೊದಲು ಮೂಸುತ್ತಿದ್ದರು. ಕೊಟ್ಟದ್ದು ಔಷಧಿಯ ಖಾಲಿ ಸೀಸೆಯಾಗಲಿ, ಹರಿದ ಬಿಸ್ಕತ್ತಿನ ಪೊಟ್ಟಣವಾಗಲಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ ಸಂಕೋಚದಿಂದ ಮುಂದೆ ಚಾಚಿದ ನಾಯಿಯ ವಾಂತಿಯಾಗಲಿ, ಕನ್ನಡಕವನ್ನು ಹಣೆಗೇರಿಸಿ, ಕಣ್ಣು ಮುಚ್ಚಿ, ಎರಡು ಸಲ ಚಿಕ್ಕದಾಗಿ, ಒಂದು ಸಲ ದೀರ್ಘವಾಗಿ ಉಸಿರೆಳೆದುಕೊಂಡು, ಆಮೇಲಷ್ಟೇ ಎದುರಿಗಿದ್ದವರ ಮುಖ ನೋಡುತ್ತಿದ್ದರು. ಮೊದಲ ಬಾರಿ ಕಂಡವರಿಗೆ ನಗು ಬರುತ್ತಿತ್ತು. ನನಗೂ ಬಂದಿತ್ತು. ಮೂವತ್ತು ವರ್ಷ ನಾಯಿಗಳ ಸಹವಾಸ ಮಾಡಿ ಈಕೆ ಅವುಗಳಿಂದ ಕಲಿತ ವಿದ್ಯೆ ಇದೊಂದೇ ಇರಬೇಕು ಎಂದು ಮನೆಯಲ್ಲಿ ತಮಾಷೆ ಮಾಡಿದ್ದೂ ಉಂಟು. ಆ ತಮಾಷೆಯನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವರ ಚಿಕಿತ್ಸಾಲಯ ಇದ್ದದ್ದು ಸೈಕಲ್ ರಿಪೇರಿ ಅಂಗಡಿಗೂ ಪುಸ್ತಕಗಳಿಗೆ ರಟ್ಟು ಹಾಕುವವನ ಮಳಿಗೆಗೂ ನಡುವೆ. ಮುಂದೆ ಬೆಂಚು ಹಾಕಿದ ಒಂದು ಅಂಗಳ, ಒಳಗೆ ಉಕ್ಕಿನ ಮೇಜಿನ ಕೋಣೆ, ಪಕ್ಕದಲ್ಲಿ ನಾಯಿಗಳನ್ನು ತೂಗುವ ಯಂತ್ರವೊಂದೇ ಹಿಡಿಸುವಷ್ಟು ಚಿಕ್ಕ ಕೋಣೆ. ಡಾಕ್ಟರಮ್ಮ ಗಿಡ್ಡ ಆಳು. ಬಿಳಿಯ ಕೋಟು ಹಾಕುತ್ತಿರಲಿಲ್ಲ. ಒಮ್ಮೆ ಸೂಜಿ ಚುಚ್ಚಿಸಿಕೊಂಡ ನಾಯಿ ಬಿಳಿ ಬಣ್ಣವನ್ನು ಮರೆಯುವುದಿಲ್ಲವೆಂಬುದು ಅವರ ನಂಬಿಕೆ. ಆದ್ದರಿಂದ ಕಾರ್ಖಾನೆಯ ಮೇಸ್ತ್ರಿಗಳು ತೊಡುವಂಥ ಕಂದು ಬಣ್ಣದ ಉದ್ದನೆಯ ಕೋಟು, ಅದರ ಎರಡು ಜೇಬುಗಳಲ್ಲಿ ಜನ ತಂದುಕೊಟ್ಟ ಪೊಟ್ಟಣ, ಚೀಟಿ, ಮುಚ್ಚಳಗಳ ಭಾರ. ನಡೆಯುವಾಗ ಅಂಗಾಲನ್ನು ಪೂರ್ತಿ ಊರಿ, ಒಂದೇ ಅಳತೆಯ ಹೆಜ್ಜೆ ಹಾಕುತ್ತಿದ್ದರು. ಬಾಯಲ್ಲಿ ನೊರೆ ಕಾರುವ ನಾಯಿ ಬಾಗಿಲಿಗೆ ಬಂದರೂ ಅವರು ಓಡಿದ್ದನ್ನು ಕಂಡವರಿಲ್ಲ. ಓಡಿದರೆ ನಾಯಿಗೂ ಗಾಬರಿ, ನಾಯಿಯ ಮನೆಯವರಿಗೆ ಇನ್ನೂ ಗಾಬರಿ ಎನ್ನುತ್ತಿದ್ದರು. ಓಡದೆಯೂ ಅವರು ಎಲ್ಲರಿಗಿಂತ ಮೊದಲು ಮೇಜಿನ ಬಳಿ ಇರುತ್ತಿದ್ದುದು ಹೇಗೆಂದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಜನ ಅವರನ್ನು ಬೆನ್ನ ಹಿಂದೆ ಕಸದ ಡಾಕ್ಟರಮ್ಮ ಎನ್ನುತ್ತಿದ್ದರು. ನಮ್ಮ ನಾಯಿ ಏನೋ ತಿಂದುಬಿಟ್ಟಿದೆ ಎಂದು ಯಾರಾದರೂ ಫೋನಿನಲ್ಲಿ ಅಳುದನಿ ತೆಗೆದರೆ, ಅವರಿಂದ ಬರುತ್ತಿದ್ದ ಉತ್ತರ ಸದಾ ಒಂದೇ.

"ಬಾಯಿಗೆ ಏನೂ ಹಾಕಬೇಡಿ. ಉಳಿದದ್ದನ್ನ ತನ್ನಿ."

ಉಳಿದದ್ದು ಎಂದರೆ ಎಲ್ಲವೂ. ಕಚ್ಚಿ ಬಿಟ್ಟ ಚೂರು, ಪೊಟ್ಟಣ, ಮೇಲಿನ ಚೀಟಿ, ಕಕ್ಕಿದ್ದರೆ ಕಕ್ಕಿದ್ದು, ಏನೂ ಸಿಗದಿದ್ದರೆ ಮನೆಯ ಕಸದ ಬುಟ್ಟಿಯೇ. ಒಬ್ಬ ಸಭ್ಯ ಗೃಹಸ್ಥರು, ವೈದ್ಯರ ಮುಂದೆ ಹೊಲಸು ಹಿಡಿದು ನಿಲ್ಲುವುದು ಹೇಗೆಂದು, ನಾಯಿ ಕಕ್ಕಿದ್ದನ್ನೆಲ್ಲ ಫಿನಾಯಿಲು ಹಾಕಿ ತೊಳೆದು, ನಾಯಿಗೂ ಸ್ನಾನ ಮಾಡಿಸಿ ಕರೆತಂದಿದ್ದರಂತೆ. "ತೊಳೆದುಬಿಟ್ರಾ?" ಎಂದು ಡಾಕ್ಟರಮ್ಮ ಕೇಳಿದ ಧಾಟಿಗೆ ಆ ಮನುಷ್ಯ ಯಾರೋ ಹತ್ತಿರದವರನ್ನು ಕಳೆದುಕೊಂಡವನಂತೆ ಬೆಂಚಿನ ಮೇಲೆ ಕುಸಿದು ಕೂತನಂತೆ. ಬಾಯಿಗೆ ಏನೂ ಹಾಕಬೇಡಿ ಎಂಬ ಮಾತಿನ ಹಿಂದೆಯೂ ಅನುಭವವಿತ್ತು. ಹಾಲು, ಎಣ್ಣೆ, ಉಪ್ಪುನೀರು, ಅಕ್ಕಪಕ್ಕದವರ ಬಾಯಿಂದ ಬರುವ ಮದ್ದಿಗೆ ಲೆಕ್ಕವಿಲ್ಲ. ಎಲ್ಲವನ್ನೂ ಕಕ್ಕಿಸಬಾರದು, ಸುಡುವ ದ್ರವ ಒಳಗೆ ಹೋಗುವಾಗ ಸುಟ್ಟದ್ದು ಸಾಲದೆಂದು ಹೊರಗೆ ಬರುವಾಗ ಮತ್ತೊಮ್ಮೆ ಸುಡುತ್ತದೆ, ನಿಲ್ಲಲಾರದ ನಾಯಿಗೆ ಕಕ್ಕಿಸಿದರೆ ಅದು ಶ್ವಾಸಕೋಶಕ್ಕಿಳಿಯುತ್ತದೆ ಎಂದು ಅವರು ಬೇಸರವಿಲ್ಲದೆ, ನೂರನೆಯ ಸಲವೂ ಮೊದಲ ಸಲದ ಹಾಗೆ ವಿವರಿಸುತ್ತಿದ್ದರು.

ರಟ್ಟು ಹಾಕುವವನ ನಾಯಿಯ ಕಥೆ ನಾನೇ ಕಣ್ಣಾರೆ ಕಂಡದ್ದು. ನನ್ನ ಹಸ್ತಪ್ರತಿಯೊಂದಕ್ಕೆ ರಟ್ಟು ಹಾಕಿಸಲು ಹೋಗಿದ್ದೆ. ಅವನ ನಾಯಿ ಮೂಲೆಯಲ್ಲಿ ಓಕರಿಸುತ್ತಿತ್ತು; ಏನು ತಿಂದಿದೆಯೋ ತಿಳಿಯದೆಂದು ಅವನು ಕೈ ಹಿಸುಕುತ್ತಿದ್ದ. ಪಕ್ಕದಿಂದ ಬಂದ ಡಾಕ್ಟರಮ್ಮ ನಾಯಿಯ ತುಟಿ ಎತ್ತಿ ನೋಡಿದರು, ಅವನ ಅಂಟಿನ ಡಬರಿಯನ್ನು ಎತ್ತಿ ಮೂಸಿದರು, ಹುಳ ಹಿಡಿಯದಿರಲಿ ಎಂದು ಹಿಟ್ಟಿನ ಅಂಟಿಗೆ ಮೈಲುತುತ್ತದ ವಿಷ ಬೆರೆಸಿದ್ದೀರಾ ಎಂದು ಕೇಳಿದರು. ಅವನು ತಲೆದೂಗಿದ. ಎಷ್ಟು ಎಂದು ಕೇಳಿದರು. ಒಂದು ಚಿಟಿಕೆ ಎಂದ. ಅವರು ಅವನ ಮುಖವನ್ನೇ ನೋಡುತ್ತ, ಕೋಪವಿಲ್ಲದೆ, ಇನ್ನೊಮ್ಮೆ ಎಷ್ಟು ಎಂದರು. ಒಂದು ಮುಷ್ಟಿ ಎಂದ. ಎರಡನೆಯ ಪ್ರಶ್ನೆಗೆ ಸಿಕ್ಕ ಉತ್ತರದಿಂದ ಆ ನಾಯಿ ಬದುಕಿತು.

ಡಾಕ್ಟರಮ್ಮನಿಗೆ ಹಟದ ಅಭ್ಯಾಸವೊಂದಿತ್ತು. ನಾಯಿಯನ್ನು ಯಾರು ತಂದಿದ್ದರೂ ಅದು ತಿಂದ ಹೊತ್ತಿನಲ್ಲಿ ಮನೆಯಲ್ಲಿದ್ದವರೆಲ್ಲರೂ ಬರಬೇಕು, ಬಂದವರೆಲ್ಲರೂ ತೂಕದ ಕೋಣೆಗೆ ಒಬ್ಬೊಬ್ಬರೇ ಹೋಗಬೇಕು, ಬಾಗಿಲು ಹಾಕಿಕೊಂಡು ಅವರ ಮುಂದೆ ತಮಗೆ ತಿಳಿದದ್ದನ್ನು ಹೇಳಬೇಕು. ನಾಯಿಗೆ ಹುಷಾರಿಲ್ಲದಿದ್ದರೆ ಮನೆಯವರಿಗೆಲ್ಲ ಪೊಲೀಸ್ ವಿಚಾರಣೆ ಎಂದು ಬೆಂಚಿನ ಮೇಲೆ ಕೂತವರು ಗೊಣಗುತ್ತಿದ್ದರು. ಗಂಡನ ಎದುರು ಹೆಂಡತಿಯ ಚಮಚ ಚಿಕ್ಕದಾಗುತ್ತದೆ, ಹೆಂಡತಿಯ ಎದುರು ಗಂಡನ ಬಾಟಲಿ ಚಿಕ್ಕದಾಗುತ್ತದೆ ಎಂದು ಅವರ ಕಾಂಪೌಂಡರು, ಇಪ್ಪತ್ತು ವರ್ಷದಿಂದ ಅವರ ಜೊತೆಗಿದ್ದ ಬೋಳುತಲೆಯ ಮನುಷ್ಯ, ನನಗೊಮ್ಮೆ ಗುಟ್ಟಾಗಿ ಹೇಳಿದ್ದ. ನಾನು ಅದನ್ನೂ ಒಂದು ಸ್ವಾರಸ್ಯವೆಂದು ನೆನಪಿಟ್ಟುಕೊಂಡೆ, ನಮ್ಮ ಮನೆಗೆ ಅನ್ವಯಿಸುತ್ತದೆಂದು ಎಣಿಸಲಿಲ್ಲ.

ನಮ್ಮ ಮನೆಯಲ್ಲಿ ನಾವು ಮೂವರು. ನಾನು, ನನ್ನ ಹೆಂಡತಿ, ತಾಯಿಯಿಲ್ಲದ ನನ್ನನ್ನು ಸಾಕಿ ಬೆಳೆಸಿದ ಚಿಕ್ಕಮ್ಮ. ಚಿಕ್ಕಮ್ಮ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತಳಾದವಳು. ಸುಳ್ಳು ಹೇಳುವ ಮಕ್ಕಳನ್ನು ಕೆಂಪೇರಿದ ಕಿವಿಯಿಂದಲೇ ದೂರದಿಂದ ಗುರುತಿಸುತ್ತಿದ್ದ ಹೆಸರಾಂತ ಕಟ್ಟುನಿಟ್ಟಿನವಳು. ನಾಲ್ಕನೆಯವನು ಪೈಲ್ವಾನ. ಏಳು ಕಿಲೋ ತೂಗುವ, ಬೆಕ್ಕನ್ನು ಕಂಡರೆ ಬಾಗಿಲ ಹಿಂದೆ ಸರಿಯುವ ನಾಯಿಗೆ ಆ ಹೆಸರಿಟ್ಟವಳು ಚಿಕ್ಕಮ್ಮನೇ. ಮಧ್ಯಾಹ್ನವೆಲ್ಲ ಅವಳ ಕಾಲ ಬಳಿಯೇ ಅದರ ವಾಸ. ಅವಳಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ ನಮ್ಮ ಮನೆಯಲ್ಲಿ ಸಿಹಿಯೆಂಬುದು ಕಳ್ಳಮಾಲು. ಅವಳ ಕಣ್ಣಿಗೆ ಬೀಳದಿರಲೆಂದು ನಾನು ಚಾಕಲೇಟನ್ನು ಸೋಫಾದ ಸಂದಿಯಲ್ಲಿ ಬಚ್ಚಿಡುತ್ತಿದ್ದೆ.

ಒಂದು ಬೆಳಿಗ್ಗೆ ಹತ್ತರ ಸುಮಾರಿಗೆ ಪೈಲ್ವಾನ ಕುಡಿದವನ ಹಾಗೆ ತೂರಾಡುತ್ತ ಬಂದು ಹಾಲಿನ ನಡುವೆ ಬಿದ್ದಿತು. ಮೈ ನಡುಗುತ್ತಿತ್ತು, ಹಿಂಗಾಲು ಸೋತಿತ್ತು, ಕಣ್ಣು ನನ್ನನ್ನು ದಾಟಿ ಎಲ್ಲೋ ನೋಡುತ್ತಿತ್ತು. ಸೋಫಾದ ಕೆಳಗೆ ಜಗಿದ ಚಾಕಲೇಟು ಕಾಗದ ಸಿಕ್ಕಿತು. ಫೋನು ಮಾಡಿದೆ, ಆ ಎರಡು ವಾಕ್ಯಗಳು ಬಂದವು. ಬಾಡಿಗೆ ಕಾರಿನಲ್ಲಿ ಚಿಕ್ಕಮ್ಮ ಅದರ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ದಾರಿಯುದ್ದಕ್ಕೂ ಅದರ ನಡುಗುವ ಕಾಲುಗಳನ್ನೇ ನೋಡುತ್ತಿದ್ದಳು.

ಡಾಕ್ಟರಮ್ಮ ಕಾಗದವನ್ನು ಮೂಸಿದರು, ನಾಯಿಯ ಬಾಯನ್ನು ಮೂಸಿದರು. ಕಿವಿಯ ಅಂಚಿನಿಂದ ಒಂದು ಹನಿ ರಕ್ತ ತೆಗೆದು ಯಂತ್ರಕ್ಕಿಟ್ಟರು; ರಕ್ತದ ಸಕ್ಕರೆ ತಳ ಮುಟ್ಟಿತ್ತು. ಮುಂಗಾಲಿನ ನರಕ್ಕೆ ಗ್ಲೂಕೋಸು ಏರಿಸಿದರು. ಐದು ನಿಮಿಷ ಕಳೆದಿರಲಿಲ್ಲ, ಪೈಲ್ವಾನ ತಲೆ ಎತ್ತಿತು, ಇನ್ನೈದು ನಿಮಿಷಕ್ಕೆ ಬಾಲ ಅಲ್ಲಾಡಿಸಿತು. ನನ್ನ ಹೆಂಡತಿ ಅತ್ತೇಬಿಟ್ಟಳು. ನಾನು ಡಾಕ್ಟರಮ್ಮನಿಗೆ ಕೈಮುಗಿದು, ಇನ್ನು ಮನೆಗೆ ಕರೆದೊಯ್ಯಬಹುದೇ ಎಂದೆ. ಅವರ ಮುಖದಲ್ಲಿ ಮಾತ್ರ ಸಮಾಧಾನದ ಸುಳಿವಿಲ್ಲ. ಚಾಕಲೇಟು ತಿಂದ ನಾಯಿಯ ಎದೆ ಜೋರಾಗಿ ಬಡಿಯುತ್ತದೆ, ಅದರ ಸಕ್ಕರೆ ಹೀಗೆ ಪಾತಾಳಕ್ಕಿಳಿಯುವುದಿಲ್ಲ, ಯಾಕೆ ಇಳಿಯಿತೆಂದು ತಿಳಿಯದೆ ಕಳಿಸಿದರೆ ಇದು ಇನ್ನೊಮ್ಮೆ ಬೀಳುತ್ತದೆ ಎಂದರು. ನನ್ನನ್ನು ತೂಕದ ಕೋಣೆಗೆ ಕರೆದರು.

ಹೊರಗೆ ಎಲ್ಲರ ಮುಂದೆ ನಾನು, ಕದ್ದು ತಿಂದದ್ದನ್ನು ಒಪ್ಪಲು ನಾಚಿ, ನಾಯಿ ಇಡೀ ಚಾಕಲೇಟು ತಿಂದಿದೆ ಎಂದಿದ್ದೆ. ಒಳಗೆ ಅವರು ಕಾಗದವನ್ನು ಅಂಗೈಯಲ್ಲಿಟ್ಟುಕೊಂಡು ನಿಂತಿದ್ದರು, ಏನನ್ನೂ ಕೇಳಲಿಲ್ಲ. ಆ ಮೌನದಲ್ಲಿ ಬೆದರಿಕೆಯಿರಲಿಲ್ಲ, ಅವಸರವಿರಲಿಲ್ಲ. ಹೇಳುವುದು ಬಲು ಸುಲಭವೆಂಬ ಭಾವ ಹೇಗೋ ನನ್ನೊಳಗೆ ಹುಟ್ಟಿತು. ಹಿಂದಿನ ಸಂಜೆಯೇ ಅದನ್ನು ನಾನು ತಿಂದು ಮುಗಿಸಿದ್ದೆ, ನಾಯಿಗೆ ಸಿಕ್ಕಿದ್ದು ಕಾಗದ ಮಾತ್ರ ಎಂದುಬಿಟ್ಟೆ. ಆಯ್ತು ಎಂದರು. ನನ್ನ ಹೆಂಡತಿ ಹೋದಳು, ಬಂದಳು. ನಾನು ಫೋನು ಮಾಡುವ ಮೊದಲೇ ಪಕ್ಕದ ಮನೆಯಾಕೆಯ ಮಾತು ಕೇಳಿ ಎರಡು ಚಮಚ ಉಪ್ಪು ಕದಡಿ ಕುಡಿಸಿದ್ದಳಂತೆ. ಡಾಕ್ಟರಮ್ಮ ಕಾಂಪೌಂಡರನಿಗೆ ಇನ್ನೊಂದು ರಕ್ತಪರೀಕ್ಷೆ ಹೇಳಿದರು.

ಅಷ್ಟರಲ್ಲಿ ಪೈಲ್ವಾನನ ತಲೆ ಮತ್ತೆ ಮೇಜಿಗೆ ಒರಗಿತು. ನಡುಕ ಮರಳಿತು, ಈ ಸಲ ಮೊದಲಿಗಿಂತ ಜೋರಾಗಿ, ನಾಲ್ಕು ಕಾಲುಗಳೂ ಸೆಟೆದು ಗಾಳಿಯಲ್ಲಿ ಈಜಿದವು. ಕಾಂಪೌಂಡರ್ ಎರಡನೆಯ ಸೂಜಿಗೆ ಕೈಹಾಕಿದ. ನಾವು ಇದನ್ನು ಕಳೆದುಕೊಳ್ಳುತ್ತೇವೆ ಎಂದು ನನಗೆ ಆ ಕ್ಷಣ ಖಚಿತವಾಯಿತು. ಡಾಕ್ಟರಮ್ಮ ಗ್ಲೂಕೋಸು ಕೊಟ್ಟು, ಕೈ ಒರೆಸಿಕೊಂಡು, ಅದೇ ಅಳತೆಯ ಹೆಜ್ಜೆಯಲ್ಲಿ ಚಿಕ್ಕಮ್ಮನ ಬಳಿ ಬಂದು ಕೈಹಿಡಿದು ಎಬ್ಬಿಸಿದರು. ಅವಳಿಗೇನು ಗೊತ್ತಿರುತ್ತದೆ, ಪಾಪ, ವಯಸ್ಸಾದವಳು ಎಂದು ನಾನು ಅಡ್ಡ ಬಂದೆ. ಚಿಕ್ಕಮ್ಮ ನನ್ನನ್ನು ನೋಡಿದಳು. ಆ ನೋಟವನ್ನು ನಾನು ಅರ್ಥಮಾಡಿಕೊಳ್ಳಲಿಲ್ಲ. ಬಾಗಿಲು ಹಾಕಿಕೊಂಡಿತು.

ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ಹೊರಬಂದ ಡಾಕ್ಟರಮ್ಮ ಕಾಂಪೌಂಡರನಿಗೆ, ಗ್ಲೂಕೋಸಿನ ಹನಿ ನಾಳೆಯವರೆಗೂ ನಿಲ್ಲಕೂಡದು, ಅರ್ಧ ಗಂಟೆಗೊಮ್ಮೆ ರಕ್ತ ನೋಡಬೇಕು, ತಿಂದದ್ದು ಸಕ್ಕರೆ ಇಳಿಸುವ ಮಾತ್ರೆ, ಏಳೋ ಎಂಟೋ, ಬೆಳಗಿನ ಆರೂವರೆಗೆ ಎಂದು ಹೇಳಿದರು. ಆ ಮಾತ್ರೆಯ ಪ್ರಭಾವ ಒಂದು ದಿನ ದಾಟಿಯೂ ಇರುತ್ತದಂತೆ. ಮೊದಲ ಸಲ ಬಾಲ ಆಡಿಸಿದಾಗ ಮನೆಗೆ ಒಯ್ದಿದ್ದರೆ ಸಂಜೆಯೊಳಗೆ ಮುಗಿದಿರುತ್ತಿತ್ತಂತೆ. ಮಾತ್ರೆ ನಾಯಿಗೆ ಸಿಕ್ಕಿದ್ದು ಹೇಗೆಂದು ನಾನು ಬಾಯಿ ತೆರೆದೆ. ಅವರು ನನ್ನ ಮಾತನ್ನು ಅರ್ಧಕ್ಕೇ ತಡೆದರು.

"ನಂಗೆ ಬೇಕಾದ್ದು ಸಿಕ್ತು. ಮಿಕ್ಕಿದ್ದು ಅವರದು. ಅವರು ಹೇಳಿದ್ರೆ ಕೇಳಿಸ್ಕೊಳ್ಳಿ, ಹೇಳದಿದ್ರೆ ಕೇಳಬೇಡಿ."

ಒಂದು ಜೀವ ಹೋಗುವ ಬರುವ ನಡುವೆ ನಿಂತಿರುವಾಗ, ಸಿಟ್ಟಾಗುವ ಹಕ್ಕು ಪೂರ್ತಿಯಾಗಿ ತಮ್ಮದಾಗಿದ್ದಾಗ, ಆ ಹಕ್ಕನ್ನು ಮುಟ್ಟದೆ ಬದಿಗಿಟ್ಟು ಇನ್ನೊಬ್ಬರ ಮಾನವನ್ನೂ ಅದೇ ಕೈಯಿಂದ ಕಾಯುವ ಮನುಷ್ಯರಿರುತ್ತಾರೆಂದು ನಾನು ಎಷ್ಟೋ ಪುಸ್ತಕಗಳಲ್ಲಿ ಓದಿದ್ದೆ, ಒಂದೆರಡು ಕಡೆ ಬರೆದೂ ಇದ್ದೆ. ಎದುರಿಗೆ ಕಂಡದ್ದು ಅದೇ ಮೊದಲು.  ಅವರು ಆಗಲೇ ಬೆಂಚಿನ ಮೇಲಿದ್ದ ಮುಂದಿನವರ ಪೊಟ್ಟಣವನ್ನು ಇಸಿದುಕೊಂಡು ಮೂಸುತ್ತಿದ್ದರು.

ಮೂರನೆಯ ದಿನ ಪೈಲ್ವಾನ ಮನೆಗೆ ಬಂದು ನೀರು ಕುಡಿದು ಚಿಕ್ಕಮ್ಮನ ಕಾಲ ಬಳಿ ಮಲಗಿತು. ನಾವು ಕೇಳಿರಲಿಲ್ಲ, ಚಿಕ್ಕಮ್ಮ ತಾನಾಗಿ ಬಾಯಿಬಿಟ್ಟಳು. ಹೆಂಡತಿ ದಿನ ಬೆಳಿಗ್ಗೆ ಎದುರು ನಿಂತು ಕೊಡುತ್ತಿದ್ದ ಮಾತ್ರೆಯನ್ನು ಅವಳು ನಾಲಿಗೆಯ ಕೆಳಗಿಟ್ಟುಕೊಂಡು, ಆಮೇಲೆ ತೆಗೆದು ಸೋಫಾದ ಸಂದಿಗೆ ತುರುಕಿ, ವಾರಕ್ಕೊಮ್ಮೆ ಎಸೆಯುತ್ತಿದ್ದಳು. ಆ ಬೆಳಿಗ್ಗೆ ಚಾಕಲೇಟಿನ ವಾಸನೆ ಹಿಡಿದು ನಾಯಿ ಅಲ್ಲಿಗೇ ಮೂತಿ ಹಾಕಿತ್ತು. ಅದು ಏನನ್ನೋ ನೆಕ್ಕುತ್ತಿದ್ದುದನ್ನು ಆರೂವರೆಗೆ ಕಂಡೂ, ನನ್ನ ಸಿಹಿಯಿರಬೇಕೆಂದು ಸುಮ್ಮನಾಗಿದ್ದಳಂತೆ. ಒಳಗೆ ಡಾಕ್ಟರಮ್ಮ ಅವಳನ್ನು ಕೇಳಿದ್ದು ಒಂದೇ ಮಾತು: ಯಾಕೆ ಅಂತ ಹೇಳೋದು ಬೇಡಮ್ಮ, ಎಷ್ಟು ಅಂತ ಹೇಳಿ ಸಾಕು. ಅದಕ್ಕೇ ಯಾಕೆ ಎಂಬುದನ್ನೂ ಅವಳು ಹೇಳಿಬಿಟ್ಟಿದ್ದಳು.

"ಅದು ನಡುಗಿದ್ದು ನೋಡಿದ ಕೂಡಲೇ ನಂಗೆ ಗೊತ್ತಾಯ್ತು ಕಣೋ. ಆ ಮಾತ್ರೆ ನುಂಗಿದ ದಿನ ನಂಗೂ ಹಾಗೇ ಆಗ್ತಿತ್ತು. ಕೈ ನಡುಗೋದು, ಬೆವರೋದು, ಕಣ್ಣು ಕತ್ತಲೆ."

ನಮಗೆ ಯಾಕೆ ಹೇಳಲಿಲ್ಲ ಎಂದು ನಾನು ನೊಂದುಕೊಂಡೆ.

"ಎರಡು ಸಲ ಹೇಳಿದ್ದೆ. ಒಂದು ಸಲ ನೀನು, ವಯಸ್ಸಾದ ಮೇಲೆ ಹಾಗೇ ಅಂದೆ. ಇನ್ನೊಂದು ಸಲ ನೀನು ಬರೀತಾ ಇದ್ದೆ, ಹೂಂ ಅಂದೆ."

ಡಾಕ್ಟರಮ್ಮ ಅವಳ ಕೈಗೆ, ಅವಳನ್ನು ನೋಡುವ ವೈದ್ಯರಿಗೆಂದು, ಒಂದು ಚೀಟಿ ಬರೆದುಕೊಟ್ಟಿದ್ದರು. ಆ ವೈದ್ಯರು ಪರೀಕ್ಷಿಸಿ, ಮಾತ್ರೆ ಈ ಮೈಗೆ ಹೆಚ್ಚಾಗಿತ್ತು, ನುಂಗುತ್ತಲೇ ಹೋಗಿದ್ದರೆ ಒಂದು ದಿನ ಎದ್ದೇಳುತ್ತಿರಲಿಲ್ಲ ಎಂದು ಹೇಳಿ ಅರ್ಧಕ್ಕಿಳಿಸಿದರು.

ನಿಜವನ್ನು ಹುಡುಕುತ್ತೇವೆ ಎನ್ನುವವರ ನಡುವೆಯೇ ನನ್ನ ಆಯುಷ್ಯ ಕಳೆದಿದೆ. ನಿಜವನ್ನು ಗಟ್ಟಿಯಾಗಿ ಹೇಳುವವರನ್ನೂ, ಹೇಳಿ ಹೆಸರು ಪಡೆದವರನ್ನೂ ಬಲ್ಲೆ. ಆದರೆ ಎದುರಿಗಿರುವವರು ಅಂಜದೆ, ನಾಚದೆ ತಮ್ಮ ನಿಜವನ್ನು ತಂದು ಇಳಿಸಬಹುದಾದ ಜಾಗವಾಗಿ ತಮ್ಮನ್ನೇ ಜೀವಮಾನವಿಡೀ ತೆರವಾಗಿಟ್ಟುಕೊಂಡವರು ಬೇರೆಯೇ ಜಾತಿ. ಅವರಿಗೆ ಸನ್ಮಾನವಿಲ್ಲ, ಅಡ್ಡಹೆಸರುಂಟು. ಅಂಥವರೊಬ್ಬರು ಸಿಕ್ಕಿದ ಬೀದಿಯಲ್ಲಿ ನಾಯಿಗಳೂ ಬದುಕುತ್ತವೆ, ಮನುಷ್ಯರೂ ಬದುಕುತ್ತಾರೆ. ಸಿಗದ ಬೀದಿಯಲ್ಲಿ ಏನಾಗುತ್ತದೆಂಬುದು ನಮಗೆ ತಿಳಿಯುವುದೇ ಇಲ್ಲ, ಯಾಕೆಂದರೆ ಅಲ್ಲಿ ಹೇಳಬೇಕಾದವರು ಎರಡು ಸಲ ಹೇಳಿ ಸುಮ್ಮನಾಗಿರುತ್ತಾರೆ.